ಐದು ಲಕ್ಷ ಎಂಬತ್ತು ಸಾವಿರ ಪ್ಲೇಟ್‌ಲೆಟ್

ಹೊನ್ನಾವರದ ಬಸ್ ಸ್ಟ್ಯಾಂಡಿನಿಂದ ಬಂದರಿಗೆ ಹೋಗುವ ದಾರಿಯಲ್ಲಿ ನನ್ನ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಸಲು ಬಂದವರು ಅಳತೆ ಕೊಟ್ಟಾದ ಮೇಲೂ ಹೊರಡದೆ ಸ್ಟೂಲಿನ ಮೇಲೆ ಕೂತೇ ಇದ್ದರೆ ನನಗೆ ತಿಳಿಯುತ್ತದೆ, ಇವರ ಮನೆಯಲ್ಲೂ ಯಾರಿಗೋ ಕಾಯಿಲೆ ಬಂದಿದೆ ಎಂದು. ಹೊಲಿಗೆಯ ಒಳಗೆ ಬಟ್ಟೆ ಬಿಡಲು ಎರಡೆರಡು ಸಲ ಹೇಳಿ, ನಾಳೆ ದಪ್ಪಗಾದರೆ ಬಿಚ್ಚಲು ಬರಬೇಕಲ್ಲ ಎಂದು ನಕ್ಕು, ಆಮೇಲೆ ಮೆಲ್ಲಗೆ ಫೋನ್ ತೆಗೆಯುತ್ತಾರೆ. ಅದರಲ್ಲಿ ಗಂಡನದೋ ತಾಯಿಯದೋ ರಕ್ತದ ರಿಪೋರ್ಟು ಇರುತ್ತದೆ.

"ಲಲಿತಕ್ಕ, ಇದು ಒಳ್ಳೇದಾ ಕೆಟ್ಟದ್ದಾ, ನೀನೇ ಒಂಚೂರು ನೋಡಿ ಹೇಳೆ."

ನನಗೆ ಹೇಳಲು ಬರುವುದಿಲ್ಲ. ಕ್ಯಾನ್ಸರ್ ಬಂದು, ಔಷಧ ಮುಗಿದು, ನಾನು ಮತ್ತೆ ಮಿಷನ್ ತುಳಿಯಲು ಕೂತು ವರ್ಷದ ಮೇಲಾಯಿತು. ಅಷ್ಟೂ ಕಾಲ ಪ್ಲೇಟ್‌ಲೆಟ್ ಎಂಬ ಒಂದೇ ಸಂಖ್ಯೆಯ ಹಿಂದೆ ಓಡಿದ್ದೇನೆ. ಆದರೂ ಅದು ಏರಿದಾಗ ನಗಬೇಕೋ ಇಳಿದಾಗ ನಗಬೇಕೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದವಳು ಬರೆದದ್ದು ಎಂದುಕೊಂಡೇ ಇದನ್ನು ಓದಿ. ನೀವೂ ತಲೆಬುಡ ಗೊತ್ತಾಗದೆ ಕೂತಿದ್ದರೆ ಜೊತೆಗೊಬ್ಬಳು ಇದ್ದಾಳೆ ಎಂದಾದರೂ ಆಗುತ್ತದೆ.

ಮೊದಲು ನನ್ನ ಗಂಡನ ಡೆಂಗ್ಯೂ ಕತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಮ್ಮ ಪೆದ್ದುತನಕ್ಕೆ ಅರ್ಥವೇ ಇರುವುದಿಲ್ಲ. ಅವರು, ಗಣಪತಿ, ಮೀನಿನ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುವವರು. ನನಗೆ ಕಾಯಿಲೆ ಬರುವ ಹಿಂದಿನ ಮಳೆಗಾಲದಲ್ಲಿ, ಬೋಟುಗಳೆಲ್ಲ ದಡಕ್ಕೆ ಬಂದು ಕೂತಿದ್ದಾಗ, ಅವರಿಗೆ ಡೆಂಗ್ಯೂ ಬಂತು. ಪ್ಲೇಟ್‌ಲೆಟ್ ಹದಿನೆಂಟು ಸಾವಿರಕ್ಕೆ ಇಳಿಯಿತು. ಒಂದು ವಾರ ಆಸ್ಪತ್ರೆ. ನಾನು ಊಟ ತರಲು ಮನೆಗೆ ಬಂದರೆ ಕೇರಿಯವರೆಲ್ಲ ಬಾಗಿಲಿಗೆ ನಿಂತು ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ಕೇಳುತ್ತಿದ್ದರು, "ಎಷ್ಟಾತು?" ಇಪ್ಪತ್ತೆರಡು ಎಂದರೆ ಮುಖ ಅರಳುತ್ತಿತ್ತು. ಇಪ್ಪತ್ತು ಎಂದರೆ ದೇವರ ಕಡೆ ನೋಡುತ್ತಿದ್ದರು.

ಆಗ ನಮ್ಮನ್ನು ಕಾಪಾಡಿದವಳು ನನ್ನ ಅಕ್ಕ ಯಶೋದೆ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಧಾರೇಶ್ವರದಲ್ಲಿ ಮನೆ, ಕುಮಟಾ ಪೇಟೆಯಲ್ಲಿ ಮೀನು ಮಾರುತ್ತಾಳೆ. ಮೀನಿನ ಕಿವಿರು ಎತ್ತಿ ನೋಡಿ ಯಾವ ಹೊತ್ತಿಗೆ ಹಿಡಿದದ್ದು ಎಂದು ಹೇಳಬಲ್ಲವಳಿಗೆ ಪ್ರಪಂಚದಲ್ಲಿ ತನಗೆ ತಿಳಿಯದ್ದು ಇರಬಹುದು ಎಂಬ ಅನುಮಾನವೇ ಇರಲಿಲ್ಲ. ದಿನಾ ಬೆಳಿಗ್ಗೆ ಪಪ್ಪಾಯಿ ಎಲೆ ಅರೆದು, ಬಸವಳಿದ ನನ್ನ ಗಂಡನ ಮೂಗು ಹಿಡಿದು ರಸ ಕುಡಿಸಿದಳು. ರಸದಿಂದ ಏರಿತೋ ಆಸ್ಪತ್ರೆಯ ಬಾಟಲಿಯಿಂದ ಏರಿತೋ, ಲಕ್ಷ ದಾಟಿದ ದಿನ ಅಕ್ಕ ಧಾರೇಶ್ವರ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿ ಬಂದಳು.

ಅಲ್ಲಿಗೆ ನಮ್ಮ ವಿದ್ಯಾಭ್ಯಾಸ ಮುಗಿಯಿತು. ಸಂಖ್ಯೆ ಏರಿದರೆ ಬದುಕು, ಇಳಿದರೆ ಗಂಡಾಂತರ. ನಮ್ಮ ಕಡೆ ಮಳೆಗಾಲದಲ್ಲಿ ಮೈ ಸ್ವಲ್ಪ ಬಿಸಿಯಾದರೆ ಜನ ಡಾಕ್ಟರರಲ್ಲಿಗೆ ಹೋಗುವುದಕ್ಕೆ ಮೊದಲು ಸೀದಾ ಲ್ಯಾಬಿಗೆ ಹೋಗಿ ಪ್ಲೇಟ್‌ಲೆಟ್ ನೋಡಿಸುತ್ತಾರೆ. ಡಾಕ್ಟರೂ ಅದನ್ನೇ ಬರೆದುಕೊಡುವುದಲ್ಲವೇ, ಎರಡೆರಡು ಕಡೆ ಯಾಕೆ ಕಾಯಬೇಕು ಎಂಬುದು ನಮ್ಮ ಬುದ್ಧಿವಂತಿಕೆ.

ಮರು ಮಳೆಗಾಲಕ್ಕೆ ನನ್ನ ಸರದಿ ಬಂತು. ಸಣ್ಣಗೆ ಜ್ವರ, ಸುಸ್ತು, ಎರಡು ತುತ್ತಿಗೆ ಹೊಟ್ಟೆ ತುಂಬಿದ ಹಾಗೆ. ನಾನೂ ಲ್ಯಾಬಿಗೇ ಹೋದೆ. ಸಂಜೆ ರಿಪೋರ್ಟು ಫೋನಿಗೆ ಬಂದಾಗ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಡೆಂಗ್ಯೂ ಇಲ್ಲ ಎಂದು ಮೊದಲ ಸಾಲಿನಲ್ಲೇ ಇತ್ತು. ಅಕ್ಕ ಕನ್ನಡಕ ಮೇಲೆ ಸರಿಸಿ ಕೆಳಗಿನ ಸಂಖ್ಯೆಯನ್ನು ಬೆರಳಿಟ್ಟು ಓದಿದಳು.

"ತಂಗಿ, ಐದು ಲಕ್ಷ ಎಂಬತ್ತು ಸಾವಿರ."

ನನ್ನ ಗಂಡ ಫೋನ್ ಇಸಿದುಕೊಂಡು ನೋಡಿದರು. "ನಂಗೆ ಡಿಸ್ಚಾರ್ಜ್ ಮಾಡೂವಾಗೂ ಇದ್ರ ಕಾಲು ಭಾಗ ಇರ್ಲಿಲ್ಲ," ಎಂದರು. ಅವರ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಆ ಸಂಖ್ಯೆ ಮಾತ್ರ ದಪ್ಪ ಅಕ್ಷರದಲ್ಲಿತ್ತು. ನಾನು ಅದನ್ನು ತೋರಿಸಿ ಯಾಕೆ ಎಂದು ಕೇಳಿದೆ. "ಒಳ್ಳೇದನ್ನ ದಪ್ಪಕ್ಕೇ ಬರೀತ್ರಲೆ, ಲಗ್ನಪತ್ರಿಕೆಲಿ ಹೆಸ್ರು ಬರ್ದಂಗೆ," ಎಂದಳು ಅಕ್ಕ. ಅದೂ ಸರಿ ಎನ್ನಿಸಿತು. ಅವಳು ಅಲ್ಲೇ ಅಡುಗೆಮನೆಗೆ ಹೋಗಿ ಕಾಯಿಹಾಲು ತೆಗೆದು ಪಾಯಸ ಮಾಡಿದಳು. ಕೇರಿಯ ಎಂಟು ಮನೆಗೆ ಲೋಟದಲ್ಲಿ ಹೋಯಿತು. ಇಷ್ಟು ಪ್ಲೇಟ್‌ಲೆಟ್ ಇರುವವಳಿಗೆ ಎಂತ ಕಾಯಿಲೆ, ಎಲ್ಲ ಮಳೆಗಾಲದ ಆಲಸ್ಯ ಎಂದು ತೀರ್ಮಾನವಾಯಿತು. ಇದ್ದದ್ದು ಇಳಿಯಬಾರದೆಂದು ಅಕ್ಕ ವಾರಕ್ಕೆರಡು ಬಾಟಲಿ ಪಪ್ಪಾಯಿ ಎಲೆಯ ರಸ ಬೇರೆ ಬಸ್ಸಿನಲ್ಲಿ ಕಳಿಸತೊಡಗಿದಳು. ಎರಡು ತಿಂಗಳು ಆ ಕಹಿಯನ್ನು ಕುಡಿದೆ.

ಚೌತಿ ಕಳೆದ ಮೇಲೆ ಮಿಷನ್ನಿನ ಮೇಲೆ ಬಗ್ಗಲು ಆಗದಾಯಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ನಲವತ್ತೆಂಟರ ಹೆಂಗಸನ್ನು ಗಿರಾಕಿಗಳು "ಎಂತ ಲಲಿತಕ್ಕ, ಸುದ್ದಿ ಉಂಟಾ?" ಎಂದು ಕೇಳಿ ನಗಾಡುತ್ತಿದ್ದರು. ನಾನೂ ನಗುತ್ತಿದ್ದೆ. ಕೊನೆಗೆ ಹೊನ್ನಾವರದ ಡಾಕ್ಟರೊಬ್ಬರು ಹೊಟ್ಟೆ ಒತ್ತಿ ನೋಡಿ, ಕುಮಟಾಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿ ಎಂದು ಚೀಟಿ ಬರೆದರು.

ಸ್ಕ್ಯಾನಿಂಗ್ ಮಾಡುವವರು ಮಾತಿನ ಮನುಷ್ಯ. ನೀವು ಎಲ್ಲಿಯವರು, ಈ ವರ್ಷ ಬಂಗುಡೆ ಮೀನು ಹೇಗೆ ಎಂದೆಲ್ಲ ಕೇಳುತ್ತ ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿದರು. ಒಂದು ಜಾಗಕ್ಕೆ ಬಂದಾಗ ಮಾತು ನಿಂತಿತು. ಮತ್ತೆ ಶುರುವಾಗಲೇ ಇಲ್ಲ. ಆಮೇಲೆ "ಜೊತೆಗೆ ಯಾರು ಬಂದಿದ್ದಾರೆ?" ಎಂದು ಕೇಳಿದರು. ಹೊರಗೆ ನನ್ನ ಗಂಡ ನೀರಿನ ಬಾಟಲಿ ಎದೆಗೆ ಅವಚಿಕೊಂಡು ಕೂತಿದ್ದರು.

ಭಟ್ಕಳ ದಾಟಿ, ಇನ್ನೂ ಮೂರು ತಾಸು ದಕ್ಷಿಣಕ್ಕೆ ಹೋದರೆ ಸಿಗುವ ದೊಡ್ಡ ಆಸ್ಪತ್ರೆಗೆ ನಾವು ಮೂವರೂ ಹೋದೆವು. ನಾಲ್ಕು ಕಡೆ ಕೂರಿಸಿದರು, ಐದು ಸಲ ಹೆಸರು ಕೇಳಿದರು. ವಾರದ ಮೇಲೆ ಅಂಡಾಶಯದ ಕ್ಯಾನ್ಸರ್ ಎಂದು ಗಟ್ಟಿಯಾಯಿತು. ಹೇಳಿದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಹೇಳುವಾಗ ನನ್ನ ಮುಖವನ್ನೇ ನೋಡಿದರು, ಅದು ನನಗೆ ಹಿಡಿಸಿತು. ಆಮೇಲೆ ಫೈಲಿನಲ್ಲಿದ್ದ ಹಳೇ ರಿಪೋರ್ಟನ್ನು ತಿರುಗಿಸಿ, "ಇದು ಎರಡು ತಿಂಗಳ ಹಿಂದಿನದು. ಆಗ ಯಾರಿಗೂ ತೋರಿಸಲಿಲ್ಲವಾ?" ಎಂದು ಕೇಳಿದರು.

ನನ್ನ ಗಂಡ ನೆಟ್ಟಗೆ ಕೂತರು. "ಆಗ ಪ್ಲೇಟ್‌ಲೆಟ್ ಭಾರಿ ಚಲೋ ಇತ್ತು ಡಾಕ್ಟ್ರೇ," ಎಂದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಡೆಂಗ್ಯೂದಲ್ಲಿ ಇಳಿಯುವುದು ಕೆಟ್ಟದ್ದು, ಹೌದು. ಇಲ್ಲಿ ಹಾಗಲ್ಲ. ಒಳಗೆ ಗಡ್ಡೆ ಇದ್ದಾಗ ಕೆಲವರಿಗೆ ಇದು ಮೇಲೆ ಹೋಗ್ತದೆ. ಇಷ್ಟು ಮೇಲೆ ಹೋದವರಿಗೆ ಕಾಯಿಲೆ ಸ್ವಲ್ಪ ಹೆಚ್ಚು ಕಷ್ಟ ಕೊಡುವುದು ಕಂಡುಬಂದಿದೆ. ನಿಮಗೆ ಹಾಗೇ ಆಗ್ತದೆ ಅಂತ ನಾನು ಹೇಳ್ತಾ ಇಲ್ಲ."

ಹಾಗಾದರೆ ಏನು ಹೇಳುತ್ತಿದ್ದಾರೆ? ಕಂಡುಬಂದಿದೆ ಎಂದರೆ ಯಾರಿಗೆ ಕಂಡುಬಂದಿದೆ, ನನ್ನಲ್ಲೂ ಅವರಿಗೆ ಕಾಣುತ್ತಿದೆಯೇ? ಆಗುತ್ತದೆ ಎಂದರೆ ಅಳಬಹುದು, ಆಗುವುದಿಲ್ಲ ಎಂದರೆ ಮನೆಗೆ ಹೋಗಬಹುದು. ಅವರು ಎರಡನ್ನೂ ಹೇಳಲಿಲ್ಲ. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಯಾವತ್ತೂ ಬಾಯಿ ಮುಚ್ಚದವಳು ಬಸ್ಸಿನಲ್ಲೂ ಕಿಟಕಿಯ ಆಚೆಗೇ ನೋಡುತ್ತ ಕೂತಳು. ಭಟ್ಕಳದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಮೊದಲ ಮಾತು ಆಡಿದಳು.

"ಪಾಯಸ ಮಾಡ್ದೆ ನಾನು."

ಅಲ್ಲಿಂದ ಮುಂದೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಪಾಯಸ ಕುಡಿದು ಸುಮ್ಮನೆ ಕೂತ ಆ ಎರಡು ತಿಂಗಳು ನನ್ನ ಜೀವ ತೆಗೆಯುತ್ತದೆಯೇ? ಅಕ್ಕನ ತಲೆಯಲ್ಲೂ ಅದೇ ಇತ್ತೆಂದು ನನಗೆ ಗೊತ್ತಿತ್ತು. ಅವಳು ನನ್ನ ಬಟ್ಟೆ ಒಗೆದಳು, ಗಂಜಿ ಕುಡಿಸಿದಳು, ಕೂದಲು ಉದುರಿದಾಗ ಗುಡಿಸಿ ಎತ್ತಿದಳು. ಆದರೆ ರಿಪೋರ್ಟು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಸಿಹಿ ಮುಟ್ಟುವುದನ್ನೇ ಬಿಟ್ಟಳು.

ಮೂರು ಕೀಮೋ, ಆಮೇಲೆ ಆಪರೇಷನ್, ಮತ್ತೆ ಮೂರು ಕೀಮೋ ಎಂದು ನಿಗದಿಯಾಯಿತು. ಪ್ರತಿ ಸಲ ಹೋಗುವ ಮುಂಚೆ ರಕ್ತ ಪರೀಕ್ಷೆ. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನನಗೆ ಫಾತಿಮಾ ಬಾಯಿ ಸಿಕ್ಕಿದರು. ಭಟ್ಕಳದವರು, ಅರವತ್ತು ದಾಟಿದವರು, ಅವರಿಗೆ ಸ್ತನದ್ದು. ಪಕ್ಕದಲ್ಲಿ ಕೂತ ಮೊದಲ ದಿನವೇ ನನ್ನ ಫೈಲಿನೊಳಗೆ ಇಣುಕಿದರು.

"ನಿಂದೆಷ್ಟು?"

"ಆರು ಲಕ್ಷ ಹನ್ನೆರಡು ಸಾವಿರ," ಎಂದೆ.

"ಮಾಶಾ ಅಲ್ಲಾಹ್," ಎಂದರು. ಅವರದು ಎಂಬತ್ತು ಸಾವಿರ. ಇಳಿದದ್ದರಿಂದ ಅವರ ಕೀಮೋ ಎರಡು ಸಲ ಮುಂದೆ ಹೋಗಿತ್ತು. ನನ್ನದು ಹೆಚ್ಚಿರುವುದೇ ಕೆಟ್ಟದ್ದಂತೆ ಎಂದು ನಾನು ಹೇಳಿದೆ. ಅವರು ಇಬ್ಬರ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ನಂದು ಕಮ್ಮಿ ಅಂತ ಬೈತಾರೆ, ನಿಂದು ಜಾಸ್ತಿ ಅಂತ ಬೈತಾರೆ. ನಿಂದ್ರಲ್ಲಿ ಎರಡು ಲಕ್ಷ ನಂಗೆ ಕೊಟ್ಟುಬಿಡು, ಇಬ್ಬರೂ ಮನೆಗೆ ಹೋಗುವಾ." ಕಾಯಿಲೆ ಗೊತ್ತಾದ ಮೇಲೆ ನಾನು ಹೊಟ್ಟೆ ತುಂಬ ನಕ್ಕದ್ದು ಅದೇ ಮೊದಲು. ನಗುವಾಗ ಹೊಟ್ಟೆ ನೋಯುತ್ತಿತ್ತು. ಅವರು ಚೀಲದಿಂದ ಎರಡು ಖರ್ಜೂರ ತೆಗೆದು ನನ್ನ ಕೈಯಲ್ಲಿಟ್ಟರು.

ಕೀಮೋ ಶುರುವಾದ ಮೇಲೆ ಸಂಖ್ಯೆ ಇಳಿಯಿತು. ಆರರಿಂದ ಮೂರೂವರೆ ಲಕ್ಷ, ಅಲ್ಲಿಂದ ಎರಡು ಲಕ್ಷ ಚಿಲ್ಲರೆ. ಡಾಕ್ಟರಮ್ಮ "ಒಳ್ಳೆಯ ಲಕ್ಷಣ" ಎಂದರು. ಮನೆಯಲ್ಲಿ ಮಾತ್ರ ಸೂತಕದ ಕಳೆ. ನನ್ನ ಗಂಡನಿಗೆ ಡಾಕ್ಟರು ಹೇಳಿದ್ದು ತಲೆಗೆ ಹೋಗಿತ್ತು, ಹೊಟ್ಟೆಗೆ ಇಳಿದಿರಲಿಲ್ಲ. ನಾಲ್ಕು ಲಕ್ಷ ಕರಗಿಹೋಯಿತಲ್ಲ ಎಂದು ಸಂಕಟಪಟ್ಟು, ಬಂದರಿನಲ್ಲಿ ಕೇಳಿದವರಿಗೆಲ್ಲ "ಇಳಿತಾ ಅದೆ, ಒಳ್ಳೇದಂತೆ" ಎಂದು ಅಳುಮುಖ ಮಾಡಿ ಹೇಳುತ್ತಿದ್ದರು. ಕೇಳಿದವರು ಅವರ ಬೆನ್ನು ತಟ್ಟಿ ಸಮಾಧಾನ ಹೇಳಿ ಹೋಗುತ್ತಿದ್ದರು.

ನಾನಾದರೋ ಪಾಠ ಕಲಿತೆ ಎಂದುಕೊಂಡಿದ್ದೆ. ಇನ್ನು ಇಳಿದಷ್ಟೂ ಒಳ್ಳೆಯದು. ಆಪರೇಷನ್ ಮುಗಿದು ಐದನೇ ಕೀಮೋ ಹೊತ್ತಿಗೆ ಎಪ್ಪತ್ತೆರಡು ಸಾವಿರ ಎಂದು ರಿಪೋರ್ಟು ಬಂತು. ಆರು ಲಕ್ಷದಿಂದ ಎಪ್ಪತ್ತೆರಡು ಸಾವಿರ. ಗೆದ್ದೆ ಎಂದುಕೊಂಡು ಹೊಸ ಸೀರೆ ಉಟ್ಟು ಆಸ್ಪತ್ರೆಗೆ ಹೋದೆ, ತಲೆಗೆ ಅದೇ ಬಣ್ಣದ ಸ್ಕಾರ್ಫ್ ಹೊಲಿದುಕೊಂಡು. ಡಾಕ್ಟರಮ್ಮ ನೋಡಿ ತಲೆ ಅಲ್ಲಾಡಿಸಿದರು. ಇದು ಔಷಧದಿಂದ ಇಳಿದದ್ದು, ಹೀಗಿರುವಾಗ ಕೀಮೋ ಕೊಟ್ಟರೆ ರಕ್ತಸ್ರಾವವಾಗಬಹುದು, ಮನೆಗೆ ಹೋಗಿ ಮುಂದಿನ ವಾರ ಬನ್ನಿ ಎಂದರು.

ನನಗೆ ಸಿಟ್ಟು ಬಂತು. "ನಿಮ್ಗೆ ಎಷ್ಟು ಬೇಕು ಹೇಳಿ ಡಾಕ್ಟ್ರೇ. ಹೆಚ್ಚಿದ್ರೆ ಬೇಡ ಅಂತ್ರಿ, ಕಮ್ಮಿ ಆದ್ರೆ ವಾಪಸ್ ಕಳಿಸ್ತ್ರಿ. ಒಂದು ಅಳತೆ ಕೊಡಿ, ಅಷ್ಟಕ್ಕೇ ಹೊಲಿತೆ."

ಅವರಿಗೆ ನಗು ಬಂತು, ತಡೆದುಕೊಂಡರು. ಪ್ಲೇಟ್‌ಲೆಟ್ ಅಂದರೆ ಪರೀಕ್ಷೆಯ ಮಾರ್ಕ್ಸ್ ಅಲ್ಲ, ಯಾಕೆ ಏರಿತು ಯಾಕೆ ಇಳಿಯಿತು ಅಂತ ಒಂದೊಂದು ಸಲವೂ ಬೇರೆ ಬೇರೆಯಾಗಿ ನೋಡಬೇಕಾಗ್ತದೆ ಎಂದರು. ಅವರು ಇಷ್ಟು ತಾಳ್ಮೆಯಿಂದ ಮಾತಾಡುತ್ತಿರುವಾಗಲೇ ಕೇಳಿಬಿಡೋಣ ಎಂದು ನಾನು ತಿಂಗಳುಗಟ್ಟಲೆ ನುಂಗಿಕೊಂಡದ್ದನ್ನು ಕೇಳಿದೆ. ಆ ಎರಡು ತಿಂಗಳು ಮೊದಲೇ ಬಂದಿದ್ದರೆ?

"ಬಂದಿದ್ದರೆ ಒಳ್ಳೆಯದಿತ್ತು," ಎಂದರು. "ಎಷ್ಟು ಒಳ್ಳೆಯದಿತ್ತು ಅಂತ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿರುವುದಿಲ್ಲ."

ಈ ಉತ್ತರವನ್ನು ಮನೆಗೆ ಹೇಗೆ ಒಯ್ಯುವುದು? ಅಕ್ಕನಿಗೆ ಹೇಳಲೇ ಇಲ್ಲ. ಎಪ್ಪತ್ತೆರಡು ಸಾವಿರದ ಸುದ್ದಿ ಮಾತ್ರ ಗಂಡನ ಬಾಯಿಂದ ಅವಳಿಗೆ ತಲುಪಿತು. ಮರುದಿನ ಬೆಳಿಗ್ಗೆ ಪಪ್ಪಾಯಿ ಎಲೆಯ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ. "ಇದನ್ನ ಈಗ ಕುಡಿಬೌದನೆ, ಇಲ್ಲ ಇದೂ ತಪ್ಪಾ?" ಎಂದು ಕೇಳಿದಳು. ಪೇಟೆಯಲ್ಲಿ ನಾಲ್ಕು ಜನರ ಬಾಯಿ ಮುಚ್ಚಿಸುವ ಹೆಂಗಸು ತನ್ನ ತಂಗಿಯ ಹೊಸ್ತಿಲಲ್ಲಿ ಎಲೆ ಹಿಡಿದು ಅಪ್ಪಣೆ ಕೇಳುತ್ತಿದ್ದಳು. ಆಸ್ಪತ್ರೆಯವರನ್ನು ಕೇಳದೆ ಏನೂ ಕುಡಿಯಬಾರದು ಎಂದಿದ್ದರು. ನಾನು ಎಲೆ ಇಸಿದುಕೊಂಡು ಅವಳನ್ನು ಒಳಗೆ ಕರೆದೆ. ಎಲೆ ಹಿತ್ತಲಲ್ಲಿ ಒಣಗಿತು.

ಒಂದು ವಾರ ಎಂದದ್ದು ಎರಡು ವಾರವಾಗಿ, ಉಳಿದ ಕೀಮೋ ಮುಗಿಯಿತು. ಸ್ಕ್ಯಾನಿಂಗಿನಲ್ಲಿ ಸದ್ಯಕ್ಕೆ ಏನೂ ಕಾಣುವುದಿಲ್ಲ ಎಂದರು. ಸದ್ಯಕ್ಕೆ ಎಂಬ ಮಾತನ್ನು ಅವರು ಮೆತ್ತಗೆ ಹೇಳಿದರೂ ನನಗೆ ಅದೇ ಜೋರಾಗಿ ಕೇಳಿತು. ಕೂದಲು ಬೆರಳಿಗೆ ಸಿಗುವಷ್ಟಾದಾಗ ಅಂಗಡಿಯ ಬಾಗಿಲು ತೆಗೆದೆ. ಧೂಳು ಹೊಡೆಯಲು ಅಕ್ಕ ಬಂದಳು. ಮೂಲೆಯ ಪೆಟ್ಟಿಗೆಯಲ್ಲಿ ನಾನು ಕೆಲಸಕ್ಕೆ ಹಾಕಿಕೊಳ್ಳುತ್ತಿದ್ದ ಹಸಿರು ಚೂಡಿದಾರದ ಟಾಪು ಸಿಕ್ಕಿತು.

"ಇದು ಈಗ ನಿಂಗೆ ಚೀಲ ಆತು," ಎಂದು ಅಕ್ಕ ಅದನ್ನು ಎತ್ತಿ ಹಿಡಿದಳು. ಮರುಕ್ಷಣ ಮುಖ ಬಾಡಿತು. "ನಾನು ಅವತ್ತು ಆ ರಿಪೋರ್ಟ್ ಓದದೇ ಇದ್ದಿದ್ರೆ ನೀನು ಡಾಕ್ಟ್ರ ಹತ್ರ ಹೋಗ್ತಿದ್ದೆ ಅಲ್ದಾ?" ಎಂದಳು.

ನಾನು ಟಾಪನ್ನು ಅವಳ ಕೈಯಿಂದ ತೆಗೆದುಕೊಂಡು ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿದೆ. ಪಕ್ಕದ ಹೊಲಿಗೆಯ ಗುಂಟ ಸೂಜಿಯ ಸಣ್ಣ ಸಣ್ಣ ತೂತುಗಳ ಸಾಲು. ಸಾಲು ಸಾಲಿನ ನಡುವೆ ಬಿಸಿಲು ಕಾಣದೆ ಉಳಿದ ಗಾಢ ಹಸಿರು ಪಟ್ಟಿ. ಬಟ್ಟೆ ಹೊಲಿಯುವವರಿಗೆ ಅದನ್ನು ಓದಲು ಕನ್ನಡಕ ಬೇಡ.

"ಇಲ್ಲಿ ನೋಡು," ಎಂದೆ. "ಇದು ಮೊದ್ಲು ಹೊಲಿದದ್ದು. ಇದನ್ನ ಯುಗಾದಿ ಆದ್ಮೇಲೆ ಬಿಚ್ಚಿ ಅರ್ಧ ಇಂಚು ಬಿಟ್ಟೆ. ಇದು ಮೇ ತಿಂಗಳಲ್ಲಿ. ಇದು ಮಳೆ ಬೀಳೂ ಮುಂಚೆ. ಇದು ನೀನು ಪಾಯಸ ಮಾಡಿದ ವಾರ."

ಅಕ್ಕ ಬೆರಳಿಟ್ಟು ಒಂದೊಂದೇ ಸಾಲನ್ನು ಮುಟ್ಟಿದಳು.

ಯಾರಿಗೂ ಹೇಳದಿದ್ದದ್ದು ಇದು. ಅಷ್ಟು ಹೆಂಗಸರ ಸೊಂಟ ಅಳೆದವಳಿಗೆ ತನ್ನ ಸೊಂಟ ಏರುವುದು, ತೋಳು ಇಳಿಯುವುದು ಕಾಣದೆ ಇರುತ್ತದೆಯೇ? ಕಂಡಿತ್ತು. ಒಂದೇ ಮೈಯಲ್ಲಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ಇದು ಸರಿಯಿಲ್ಲ ಎಂದು ಟೇಪು ಹಿಡಿದಾಗಲೇ ಅನ್ನಿಸಿತ್ತು. ಹೆದರಿದ್ದೆ. ಹೆದರಿಕೆಗೆ ನಾನು ಮಾಡಿದ್ದೆಂದರೆ ಹೊಲಿಗೆ ಬಿಚ್ಚುವುದು. ಒಳಗೆ ಬಟ್ಟೆ ಇರುವ ತನಕ ಬಿಚ್ಚುತ್ತ ಹೋದೆ. ಐದು ಲಕ್ಷ ಎಂಬತ್ತು ಸಾವಿರ ಎಂದು ಅಕ್ಕ ಓದಿದಾಗ ನನಗೆ ಬೇಕಾದದ್ದನ್ನೇ ಓದಿದಳು. ಅವಳು ಓದದಿದ್ದರೂ ನಾನು ಇನ್ನೇನಾದರೂ ನೆವ ಹುಡುಕುತ್ತಿದ್ದೆ.

ಅಕ್ಕ ಟಾಪನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು. ಬೈಯುತ್ತಾಳೆ ಎಂದುಕೊಂಡೆ. "ಯುಗಾದಿಂದನಾ?" ಎಂದಳು. ಹೂಂ ಎಂದೆ. "ಒಂದ್ ವರ್ಷ ನನ್ನ ಹೊಟ್ಟೆ ಉರಿಸಿದ್ಯಲ್ಲೆ ತಂಗಿ," ಎಂದಳು. ಆಮೇಲೆ ಅತ್ತಳು. ನಾನೂ ಅತ್ತೆ. ಬ್ಲೌಸ್ ಕೇಳಲು ಬಂದವಳೊಬ್ಬಳು ಬಾಗಿಲಲ್ಲಿ ನಮ್ಮಿಬ್ಬರನ್ನೂ ನೋಡಿ ನಾಳೆ ಬತ್ತೆ ಎಂದು ತಿರುಗಿ ಹೋದಳು.

ಈಗ ಮೂರು ತಿಂಗಳಿಗೊಮ್ಮೆ ತಪಾಸಣೆ. ಫಾತಿಮಾ ಬಾಯಿ ಫೋನ್ ಮಾಡಿ "ನಿಂದೆಷ್ಟು?" ಎಂದು ಕೇಳುತ್ತಾರೆ, ಅವರ ಔಷಧ ಇನ್ನೂ ನಡೆಯುತ್ತಿದೆ. ಹೋದ ತಿಂಗಳು ಕುಮಟಾದಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಧಾರೇಶ್ವರಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಸಂಜೆ ರಿಪೋರ್ಟು ಬಂತು. ನಾನು ಸುಮ್ಮನೆ ಫೋನನ್ನು ಅವಳ ಕಡೆ ಚಾಚಿದೆ. ಅವಳು ಹಿತ್ತಲಿಗೆ ಹೋಗಲಿಲ್ಲ. ಕನ್ನಡಕ ಮೇಲೆ ಸರಿಸಿದಳು.

"ಮೂರು ಲಕ್ಷ ಹತ್ತು ಸಾವಿರ. ಹ್ವಾದ್ಸಲ ಎಷ್ಟಿತ್ತು?"

"ಎರಡು ನಲವತ್ತು."

ಆಸ್ಪತ್ರೆಗೆ ಕಳಿಸಿದೆವು. ಸ್ವಲ್ಪ ಏರಿದೆ, ಆದರೆ ಮಿತಿಯೊಳಗೇ ಇದೆ, ಬೇರೆ ಪರೀಕ್ಷೆಗಳೂ ಸರಿಯಿವೆ, ಮೂರು ತಿಂಗಳು ಬಿಟ್ಟು ನೋಡುವ ಎಂದು ಡಾಕ್ಟರಮ್ಮ ಉತ್ತರ ಬರೆದರು. ಅಕ್ಕ ಅದನ್ನು ಎರಡು ಸಲ ಓದಿಸಿದಳು.

"ಏರಿದ್ದಕ್ಕೆ ಹೆದ್ರೂದಾ, ಸರಿ ಉಂಟು ಅಂದದ್ದಕ್ಕೆ ಖುಷಿ ಪಡೂದಾ?"

"ನಂಗೂ ಗೊತ್ತಿಲ್ಲ ಅಕ್ಕ."

ಅವಳು ಎದ್ದು ತೆಂಗಿನಕಾಯಿ ಹುಡುಕಿದಳು. "ಒಂದ್ ಸಣ್ಣ ಪಾತ್ರೆಲಿ ಮಾಡ್ತೆ," ಎಂದಳು. "ನಾವಿಬ್ರೇ ಕುಡ್ಯುವಾ. ಕೇರಿಗೆ ಹಂಚೂದು ಬ್ಯಾಡ."

ಅಷ್ಟು ದಿನ ಸಿಹಿ ಮುಟ್ಟದವಳಿಗೆ ಬೆಲ್ಲದ ಅಂದಾಜು ತಪ್ಪಿತ್ತು, ಪಾಯಸ ಸಪ್ಪೆಯಾಗಿತ್ತು. ನಾನು ಹೇಳಲಿಲ್ಲ. ಅವಳು ತನ್ನ ಲೋಟ ಖಾಲಿ ಮಾಡುವುದನ್ನು ನೋಡಿ ನನ್ನ ಲೋಟವನ್ನು ಇನ್ನೊಂದು ಸಲ ಚಾಚಿದೆ.